ಮಾನಿಟರ್ ಬಣ್ಣ ಹೊಂದಿಸುವುದು: ಕಣ್ಣಳತೆ ಸಾಕೇ, ಕಲರಿಮೀಟರ್ ಬೇಕೇ, ದುಬಾರಿ ಮಾನಿಟರೇ ಕೊಳ್ಳಬೇಕೇ?

ಮದುವೆ ಆಲ್ಬಂ ಲ್ಯಾಬಿನಿಂದ ಬಂದ ದಿನ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಒಂದೇ ದೂರು ಕೇಳಿಬರುತ್ತದೆ. ಪರದೆಯ ಮೇಲೆ ಚೆನ್ನಾಗಿದ್ದ ಫೋಟೋಗಳು ಕಾಗದದ ಮೇಲೆ ಕಪ್ಪಿಟ್ಟಿವೆ, ಧಾರೆ ಸೀರೆಯ ಮರೂನ್ ಕಂದು ಬಣ್ಣಕ್ಕೆ ತಿರುಗಿದೆ, ಮುಖಗಳು ಮಂಕಾಗಿವೆ. ಲ್ಯಾಬಿನವರನ್ನು ದೂರುವುದು ಸುಲಭ. ಆದರೆ ಬಹುಪಾಲು ದೋಷ ಇರುವುದು ಫೋಟೋ ತಿದ್ದಿದ ಮಾನಿಟರಿನಲ್ಲಿ, ಅದರಲ್ಲೂ ಬಣ್ಣಕ್ಕಿಂತ ಮೊದಲು ಅದರ ಬೆಳಕಿನಲ್ಲಿ. ಅಂಗಡಿಯಿಂದ ತಂದು ಜೋಡಿಸಿದ ಮಾನಿಟರ್ ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾ ಬೆಳಕು ಸೂಸುತ್ತದೆ. ಮುದ್ರಣಕ್ಕೆ ಕೆಲಸ ಮಾಡುವವರು ಇಟ್ಟುಕೊಳ್ಳುವುದು 80ರಿಂದ 120. ಅಷ್ಟೊಂದು ಹೆಚ್ಚಿನ ಬೆಳಕಿನಲ್ಲಿ ನೋಡುತ್ತ ಫೋಟೋವನ್ನು ಹದಕ್ಕೆ ತಂದರೆ ಕೈ ತಾನಾಗಿಯೇ ಅದನ್ನು ಗಾಢಗೊಳಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಫೋಟೋ ಕಪ್ಪಾಗಿ ಬರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹಾಗಾಗಿ ಯಾವ ಉಪಕರಣ ಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಮೊದಲ ಮಾತು: ಇವತ್ತೇ ಬ್ರೈಟ್‌ನೆಸ್ ಇಳಿಸಿ. ಮಾನಿಟರಿನಲ್ಲಿ ಖಾಲಿ ಬಿಳಿ ಕಡತವೊಂದನ್ನು ತೆರೆದು, ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನು ಕೋಣೆಯ ಬೆಳಕು ಬೀಳುವಂತೆ ಹಿಡಿಯಿರಿ. ಪರದೆ ಟ್ಯೂಬ್‌ಲೈಟಿನಂತೆ ಕಣ್ಣಿಗೆ ಕುಕ್ಕಿದರೆ, ಹಾಳೆ ಮತ್ತು ಪರದೆ ಹೆಚ್ಚುಕಡಿಮೆ ಸಮನಾಗಿ ಕಾಣುವವರೆಗೆ ಇಳಿಸುತ್ತ ಹೋಗಿ. ಮೊದಲ ಅರ್ಧ ಗಂಟೆ ಪರದೆ ಮಂಕಾದಂತೆ ಅನಿಸುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಈ ಕೆಲಸದಿಂದಲೇ ಎಷ್ಟೋ ಜನರ ಅರ್ಧ ಸಮಸ್ಯೆ ಮುಗಿದಿದೆ. ಉಳಿದರ್ಧಕ್ಕೆ ಯಾವ ದಾರಿ ಹಿಡಿಯಬೇಕು ಎನ್ನುವುದು ನಿಮ್ಮ ಚಿತ್ರ ಕೊನೆಗೆ ಎಲ್ಲಿ ತಲುಪುತ್ತದೆ ಎಂಬುದರ ಮೇಲೆ ನಿಂತಿದೆ.

ಹೊಂದಿಸುವುದು ಏನನ್ನು?

ಕ್ಯಾಲಿಬ್ರೇಷನ್ ಎಂದಾಗ ಎರಡು ಬೇರೆ ಬೇರೆ ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದು ಮಾನಿಟರನ್ನು ಗೊತ್ತಾದ ಒಂದು ಸ್ಥಿತಿಗೆ ತರುವುದು: ಬೆಳಕು ಇಷ್ಟು, ಬಿಳಿ ಬಣ್ಣದ ಛಾಯೆ ಇಂಥದ್ದು, ಕಪ್ಪಿನಿಂದ ಬಿಳಿಯವರೆಗಿನ ಏರಿಕೆ ಅಂದರೆ ಗ್ಯಾಮಾ ಇಷ್ಟು. ಎರಡನೆಯದು, ಆ ಸ್ಥಿತಿಯಲ್ಲಿ ಮಾನಿಟರ್ ಯಾವ ಬಣ್ಣವನ್ನು ನಿಜಕ್ಕೂ ಹೇಗೆ ತೋರಿಸುತ್ತಿದೆ ಎಂದು ಅಳೆದು ಒಂದು ಪ್ರೊಫೈಲ್ ಕಡತದಲ್ಲಿ ಬರೆದಿಡುವುದು. ಫೋಟೋಶಾಪ್, ಲೈಟ್‌ರೂಮ್‌ನಂಥ ತಂತ್ರಾಂಶಗಳು ಈ ಪ್ರೊಫೈಲನ್ನು ಓದಿ ಬಣ್ಣಗಳನ್ನು ಸರಿಹೊಂದಿಸಿ ತೋರಿಸುತ್ತವೆ. ಇದನ್ನು ಓದದ ತಂತ್ರಾಂಶಗಳೂ ಬೇಕಾದಷ್ಟಿವೆ. ಒಂದೇ ಫೋಟೋ ಒಂದು ಕಡೆ ಹಿತವಾಗಿಯೂ ಇನ್ನೊಂದು ಕಡೆ ಕಣ್ಣು ಚುಚ್ಚುವಷ್ಟು ಕೆಂಪಾಗಿಯೂ ಕಂಡರೆ, ಮಾನಿಟರ್ ಕೆಟ್ಟಿದೆ ಎಂದು ಗಾಬರಿಯಾಗುವ ಮೊದಲು ಈ ವ್ಯತ್ಯಾಸ ನೆನಪಿರಲಿ.

ಗುರಿಯ ಅಂಕಿಗಳು ಬಹುಮಟ್ಟಿಗೆ ನಿಗದಿಯಾಗಿವೆ. ವೆಬ್ ಮತ್ತು ಆಲ್ಬಂ ಕೆಲಸಕ್ಕೆ ಎಸ್‌ಆರ್‌ಜಿಬಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಮುಂದಿಟ್ಟ ಈ ಬಣ್ಣವ್ಯಾಪ್ತಿ 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಬಿಳುಪಿಗೆ ಡಿ65, ಅಂದರೆ ಸುಮಾರು 6500 ಕೆಲ್ವಿನ್, ಹಗಲು ಬೆಳಕಿನಂಥ ಬಿಳುಪು. ಗ್ಯಾಮಾ 2.2. ಬೆಳಕು ಮುದ್ರಣಕ್ಕಾದರೆ 100ರ ಆಸುಪಾಸು, ವೆಬ್‌ಗೆ ಮಾತ್ರವಾದರೆ 120. ಕೋಣೆಯಲ್ಲಿ ಹೆಚ್ಚು ಬೆಳಕಿದ್ದರೆ ಸ್ವಲ್ಪ ಮೇಲೆ ಹೋದರೂ ಆದೀತು.

ಕಣ್ಣಳತೆ: ಎಲ್ಲಿಯವರೆಗೆ ನಂಬಬಹುದು

ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಕಣ್ಣಿನಿಂದಲೇ ನೋಡಿ ಹೊಂದಿಸುವ ಸೌಲಭ್ಯ ಮೊದಲಿನಿಂದ ಇದೆ. ವಿಂಡೋಸ್‌ನ ಹುಡುಕಾಟದಲ್ಲಿ ಡಿಸಿಸಿಡಬ್ಲ್ಯೂ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಟೈಪಿಸಿದರೆ ಅದು ತೆರೆದುಕೊಳ್ಳುತ್ತದೆ. ಮೊದಲು ಸಣ್ಣ ಚುಕ್ಕೆಗಳಿರುವ ವೃತ್ತಗಳು ಬರುತ್ತವೆ. ನಡುವಿನ ಚುಕ್ಕೆ ಹಿನ್ನೆಲೆಯಲ್ಲಿ ಕರಗುವವರೆಗೆ ಗ್ಯಾಮಾ ಸರಿಸಬೇಕು. ಆಮೇಲೆ ಕಪ್ಪು ಸೂಟು ತೊಟ್ಟ ವ್ಯಕ್ತಿಯ ಚಿತ್ರ. ಸೂಟಿನ ಮಡಿಕೆಗಳು ಕಾಣಬೇಕು, ಹಿಂದಿನ ಕತ್ತಲಲ್ಲಿ ಅಡಗಿರುವ ಗುಣಾಕಾರದ ಗುರುತು ಕಂಡೂ ಕಾಣದಂತಿರಬೇಕು. ಮುಂದೆ ಬಿಳಿ ಅಂಗಿ; ಅದರ ಗುಂಡಿ ಮತ್ತು ಸುಕ್ಕುಗಳು ಬಿಳುಪಿನಲ್ಲಿ ಕೊಚ್ಚಿಹೋಗಬಾರದು. ಕೊನೆಗೆ ಬೂದು ಪಟ್ಟಿಗಳು. ಅವುಗಳಲ್ಲಿ ಕೆಂಪು, ಹಸಿರು, ನೀಲಿಯ ಛಾಯೆ ಉಳಿಯದಂತೆ ಮೂರು ಸ್ಲೈಡರುಗಳನ್ನು ಸರಿಸಬೇಕು.

ಇಲ್ಲಿ ಮೊದಲ ಮೂರು ಹೆಜ್ಜೆಗಳನ್ನು ನಂಬಬಹುದು. ಕೊನೆಯದನ್ನು ನಂಬಬೇಡಿ. ಅಕ್ಕಪಕ್ಕದಲ್ಲಿರುವ ಎರಡು ಛಾಯೆಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಕಣ್ಣು ಅದ್ಭುತವಾಗಿ ಗುರುತಿಸುತ್ತದೆ. ಒಂಟಿಯಾಗಿ ನಿಂತ ಬಿಳಿ ಬಣ್ಣ ಎಷ್ಟು ಬಿಳಿ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಹಳದಿ ಬಲ್ಬಿನ ಕೋಣೆಯಲ್ಲಿ ಐದು ನಿಮಿಷ ಕುಳಿತರೆ ಆ ಬೆಳಕಿನಲ್ಲಿರುವ ಹಾಳೆಯೂ ಬೆಳ್ಳಗೇ ಕಾಣುತ್ತದೆ, ಮಾನಿಟರ್ ನೀಲಿಯಾಗಿ ಕಾಣುತ್ತದೆ. ಆ ಗಳಿಗೆಯಲ್ಲಿ ಮಾನಿಟರನ್ನು ತಿದ್ದಿದರೆ ಕೋಣೆಯ ದೀಪದ ದೋಷವನ್ನೆಲ್ಲ ಪರದೆಯ ಮೇಲೆ ಸುರಿದಂತೆ. ಮರುದಿನ ಬೆಳಗ್ಗೆ ಕಿಟಕಿ ತೆರೆದು ಕುಳಿತಾಗ ಬೇರೆಯೇ ಉತ್ತರ ಬರುತ್ತದೆ.

ಬಣ್ಣವನ್ನು ಕಣ್ಣಿನ ಪಾಲಿಗೆ ಬಿಡದೆ ಅಂಕಿಗೆ ಒಪ್ಪಿಸುವುದು ನಮಗೆ ಹೊಸದಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. ಆ ಧ್ವಜಕ್ಕೆಂದು ಭಾರತೀಯ ಮಾನಕ ಬ್ಯೂರೋ ರೂಪಿಸಿದ ಐಎಸ್ 1 ಮಾನದಂಡ, ಕೇಸರಿ ಎಂದರೆ ಯಾವ ಹೂವಿನ ಬಣ್ಣ ಎಂದು ವರ್ಣಿಸುತ್ತ ಕೂರುವುದಿಲ್ಲ. ರೇಷ್ಮೆಯಲ್ಲದ ಬಟ್ಟೆಗೆ ಎಕ್ಸ್ 0.538, ವೈ 0.360 ಎಂದು, ಬಣ್ಣಗಳನ್ನು ಅಂಕಿಗಳಲ್ಲಿ ಗುರುತಿಸುವ ಅಂತರರಾಷ್ಟ್ರೀಯ ಸಿಐಇ 1931ರ ಬಣ್ಣದ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುತ್ತದೆ. ನಮ್ಮ ಮಾನಿಟರಿನ ಎಸ್‌ಆರ್‌ಜಿಬಿ, ಡಿ65 ಎಲ್ಲವೂ ಗುರುತಾಗಿರುವುದು ಅದೇ 1931ರ ನಕ್ಷೆಯ ಮೇಲೆ.

ಹಾಗಾದರೆ ಕಣ್ಣಳತೆ ಯಾರಿಗೆ ಸಾಕು? ಬಣ್ಣದ ಮೇಲೆ ಯಾರ ದುಡ್ಡೂ ನಿಂತಿಲ್ಲದವರಿಗೆ. ಮನೆಯ ಫೋಟೋಗಳಿಗೆ, ಶಾಲೆಯ ಪ್ರಾಜೆಕ್ಟಿಗೆ, ಬರವಣಿಗೆಗೆ ಇಷ್ಟು ಧಾರಾಳ. ಬಿಳುಪಿಗೆ ಮಾನಿಟರಿನ ಮೆನುವಿನಲ್ಲಿರುವ 6500 ಕೆಲ್ವಿನ್ ಆಯ್ಕೆಯನ್ನೇ ಇಟ್ಟುಬಿಡಿ. ಅದೂ ಕರಾರುವಾಕ್ಕಲ್ಲ, ಆದರೆ ನಿಮ್ಮ ಕಣ್ಣಿನಂತೆ ಬೆಳಗ್ಗೆ ಒಂದು ಸಂಜೆ ಒಂದು ಹೇಳುವುದಿಲ್ಲ.

ಕಾರ್ಖಾನೆಯಲ್ಲೇ ಹೊಂದಿಸಿದ ಮಾನಿಟರ್

ಏಸಸ್‌ನ ಪ್ರೋಆರ್ಟ್, ಡೆಲ್‌ನ ಅಲ್ಟ್ರಾಶಾರ್ಪ್, ಬೆನ್‌ಕ್ಯೂನ ಡಿಸೈನರ್ ಸಾಲಿನ ಮಾನಿಟರುಗಳ ಪೆಟ್ಟಿಗೆಯ ಮೇಲೆ 'ಡೆಲ್ಟಾ ಇ 2ಕ್ಕಿಂತ ಕಡಿಮೆ' ಎಂಬ ಮಾತು ಕಾಣುತ್ತದೆ. ಬೇಕಾದ ಬಣ್ಣಕ್ಕೂ ಪರದೆ ತೋರಿಸುವ ಬಣ್ಣಕ್ಕೂ ಇರುವ ದೂರವೇ ಡೆಲ್ಟಾ ಇ. ಒಂದರ ಆಸುಪಾಸಿನ ದೂರ ಸಾಮಾನ್ಯ ಕಣ್ಣಿಗೆ ಸಿಕ್ಕುವುದೇ ಕಷ್ಟ. ಪೆಟ್ಟಿಗೆಯಲ್ಲಿ ಬರುವ ವರದಿಯ ಹಾಳೆ ಸುಳ್ಳಲ್ಲ. ಆದರೆ ಅದನ್ನು ಓದುವಾಗ ಮೂರು ಸಂಗತಿ ಗಮನಿಸಬೇಕು. ಆ ಅಂಕಿ ಬಹುತೇಕ ಸರಾಸರಿ, ಸರಾಸರಿ 1.2 ಇದ್ದರೂ ಒಂದು ಕಡುನೀಲಿ 4ರಷ್ಟು ದೂರ ಇರಬಹುದು. ಆ ಅಳತೆ ನಿರ್ದಿಷ್ಟ ಮೋಡ್ ಒಂದರಲ್ಲಿ ತೆಗೆದದ್ದು. ನೀವು ಗೇಮ್ ಮೋಡಿಗೋ ಸಿನಿಮಾ ಮೋಡಿಗೋ ಹೋದಿರಿ ಎಂದರೆ ವರದಿಗೆ ಅರ್ಥವಿಲ್ಲ. ಮತ್ತು ಅದು ಮಾನಿಟರ್ ಹೊಸದಾಗಿದ್ದ ದಿನದ ಮಾತು. ಹಿಂಬದಿಯ ದೀಪಕ್ಕೆ ವಯಸ್ಸಾದಂತೆ ಬೆಳಕು ತಗ್ಗುತ್ತದೆ, ಬಿಳುಪು ಸರಿಯುತ್ತದೆ.

ಇಂಥ ಮಾನಿಟರಿನ ನಿಜವಾದ ಲಾಭ ಅದರ ಎಸ್‌ಆರ್‌ಜಿಬಿ ಮೋಡಿನಲ್ಲಿದೆ. ಈಗಿನ ಅನೇಕ ಪರದೆಗಳ ಬಣ್ಣವ್ಯಾಪ್ತಿ ಎಸ್‌ಆರ್‌ಜಿಬಿಯನ್ನು ಮೀರುತ್ತದೆ. ಹಾಗೇ ಬಿಟ್ಟರೆ ಅರಿಶಿನ ಶಾಸ್ತ್ರದ ಫೋಟೋದಲ್ಲಿ ಹಳದಿಯೂ ಕುಂಕುಮದ ಕೆಂಪೂ ಇಲ್ಲದ ಮೆರುಗು ಪಡೆಯುತ್ತವೆ, ನೀವು ಅದನ್ನು ತಗ್ಗಿಸುತ್ತೀರಿ, ಗ್ರಾಹಕರ ಮೊಬೈಲಿನಲ್ಲಿ ಅದೇ ಫೋಟೋ ಸಪ್ಪೆಯಾಗುತ್ತದೆ. ಎಸ್‌ಆರ್‌ಜಿಬಿ ಮೋಡ್ ಆ ವ್ಯಾಪ್ತಿಗೆ ಬೇಲಿ ಹಾಕುತ್ತದೆ. ಕೊಳ್ಳುವ ಮುನ್ನ ಒಂದನ್ನು ವಿಚಾರಿಸಿ: ಆ ಮೋಡಿನಲ್ಲಿ ಬ್ರೈಟ್‌ನೆಸ್ ಬದಲಿಸಲು ಬಿಡುತ್ತದೆಯೇ? ಕೆಲವು ಮಾದರಿಗಳು ಬಿಡುವುದಿಲ್ಲ, ಆಗ ಅದು ಕೆಲಸಕ್ಕೆ ಬಾರದು. ಇನ್‌ಸ್ಟಾಗ್ರಾಂ, ವೆಬ್‌ಸೈಟ್, ಯೂಟ್ಯೂಬ್ ಥಂಬ್‌ನೇಲ್‌ಗಳಿಗೆ ಮಾತ್ರ ವಿನ್ಯಾಸ ಮಾಡುವವರು ಇಲ್ಲಿಗೇ ನಿಲ್ಲಬಹುದು.

ಕಲರಿಮೀಟರ್: ದುಡಿಮೆಯವರ ಆಯ್ಕೆ

ಚಿತ್ರದಿಂದ ಹೊಟ್ಟೆ ಹೊರೆಯುವವರಿಗೆ ನಾನು ನಿಸ್ಸಂಕೋಚವಾಗಿ ಹೇಳುವುದು ಪರದೆಯ ಬೆಳಕು, ಬಣ್ಣಗಳನ್ನು ಅಳೆಯುವ ಈ ಉಪಕರಣವನ್ನೇ. ದುಬಾರಿ ಮಾನಿಟರನ್ನು ಅಳೆಯದೆ ಇಟ್ಟುಕೊಳ್ಳುವುದಕ್ಕಿಂತ ಸಾಧಾರಣ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆಯ ಪರದೆ) ಮಾನಿಟರನ್ನು ಅಳೆದು ಇಟ್ಟುಕೊಳ್ಳುವುದು ಮೇಲು. ಅಂಗೈಯಲ್ಲಿ ಅಡಗುವ ಈ ಉಪಕರಣವನ್ನು ಪರದೆಯ ನಡುವೆ ತೂಗುಬಿಡುತ್ತಾರೆ. ಅದರ ತಂತಿಯಲ್ಲಿರುವ ಸಣ್ಣ ಭಾರ ಮಾನಿಟರಿನ ಹಿಂಬದಿಗೆ ಇಳಿದು ಅದನ್ನು ಹಿಡಿದಿಡುತ್ತದೆ. ಪರದೆಯನ್ನು ತುಸು ಹಿಂದಕ್ಕೆ ಬಾಗಿಸಿದರೆ ಉಪಕರಣ ಮೈಗೆ ಮೈ ತಾಗಿ ಕೂರುತ್ತದೆ, ಹೊರಗಿನ ಬೆಳಕು ನುಸುಳುವುದಿಲ್ಲ. ತಂತ್ರಾಂಶ ಒಂದಾದ ಮೇಲೊಂದು ಬಣ್ಣದ ಚೌಕ ತೋರಿಸುತ್ತದೆ, ಉಪಕರಣ ತನ್ನ ಫಿಲ್ಟರುಗಳ ಮೂಲಕ ಪ್ರತಿಯೊಂದನ್ನೂ ಅಳೆಯುತ್ತದೆ, ಕೊನೆಗೆ ಪ್ರೊಫೈಲ್ ಸಿದ್ಧ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಹೆಸರುಗಳಿವೆ. ಒಂದು ಡೇಟಾಕಲರ್‌ನ ಸ್ಪೈಡರ್, ಇನ್ನೊಂದು ಕ್ಯಾಲಿಬ್ರೈಟ್. ಎಕ್ಸ್‌ರೈಟ್ ಹೆಸರಿನಲ್ಲಿ ಸಿಗುತ್ತಿದ್ದ ಛಾಯಾಗ್ರಾಹಕರ ಉಪಕರಣಗಳು 2021ರಿಂದ ಕ್ಯಾಲಿಬ್ರೈಟ್ ಹೆಸರಿನಲ್ಲಿ ಬರುತ್ತಿವೆ. ಎರಡರಲ್ಲೂ ಅಗ್ಗದ, ನಡುವಿನ, ದುಬಾರಿ ಎಂಬ ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಿಗೆ ಹೆಚ್ಚಿನ ದುಡ್ಡು ಹೋಗುವುದು ಅತಿ ಪ್ರಖರವಾದ ಎಚ್‌ಡಿಆರ್ ಪರದೆಗಳನ್ನು ಅಳೆಯುವ ಶಕ್ತಿಗೆ, ಪ್ರೊಜೆಕ್ಟರಿಗೆ ಮತ್ತು ತಂತ್ರಾಂಶದ ಹೆಚ್ಚುವರಿ ಆಯ್ಕೆಗಳಿಗೆ. ಸ್ಟುಡಿಯೋಗೆ ಅಗ್ಗದ ಅಥವಾ ನಡುವಿನ ಮೆಟ್ಟಿಲು ಸಾಕು. ಹಳೆಯದನ್ನು ಕೊಳ್ಳುವುದಾದರೆ ಮಾತ್ರ ಎಚ್ಚರ: ಹಳೆಯ ತಲೆಮಾರಿನ ಕೆಲವು ಉಪಕರಣಗಳ ಫಿಲ್ಟರುಗಳು ಕಾಲ ಕಳೆದಂತೆ, ತೇವ ತಗುಲಿದಂತೆ ಮಾಸುತ್ತವೆ. ಆಗ ಉಪಕರಣವೇ ತಪ್ಪು ಅಳೆಯುತ್ತದೆ, ನೀವು ಅದನ್ನು ನಂಬುತ್ತೀರಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಹೊಸದನ್ನೂ ಕ್ಯಾಮೆರಾ ಲೆನ್ಸ್‌ಗಳ ಜೊತೆ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲೇ ಇಡಿ.

ತಂತ್ರಾಂಶದಲ್ಲೂ ಆಯ್ಕೆಯಿದೆ. ಉಪಕರಣದ ಜೊತೆ ಬರುವುದು ಸರಳ, ಹೊಸಬರಿಗೆ ಅದೇ ಒಳ್ಳೆಯದು. ಆರ್ಗಿಲ್‌ಸಿಎಂಎಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತ ಡಿಸ್‌ಪ್ಲೇಕ್ಯಾಲ್ ಉಚಿತ. ನಿಧಾನ, ಆದರೆ ಏನು ಅಳೆಯಿತು, ಎಲ್ಲಿ ತಪ್ಪಿತು ಎಂದು ಬಿಚ್ಚಿ ತೋರಿಸುತ್ತದೆ. ಮೂಲ ಡಿಸ್‌ಪ್ಲೇಕ್ಯಾಲ್ 2019ರಲ್ಲಿ ನಿಂತಿತು, ಸ್ವಯಂಸೇವಕರು ಅದನ್ನು ಪೈಥಾನ್ 3ಕ್ಕೆ ತಂದು ಮುಂದುವರಿಸಿದ್ದಾರೆ. ಲಿನಕ್ಸ್ ಬಳಸುವವರಿಗೆ ನಾನು ಸೂಚಿಸುವ ದಾರಿ ಇದೇ.

ಅಳತೆಗೆ ಮುನ್ನ ಮಾಡಬೇಕಾದ್ದರಲ್ಲೇ ಫಲ ಅಡಗಿದೆ. ಮಾನಿಟರ್ ಅರ್ಧ ಗಂಟೆ ಉರಿದು ಬಿಸಿಯಾಗಿರಬೇಕು. ಬಣ್ಣ, ಬೆಳಕನ್ನು ತಾವಾಗಿಯೇ ಬದಲಿಸುವ ನೈಟ್ ಲೈಟ್, ಟ್ರೂ ಟೋನ್, ಡೈನಮಿಕ್ ಕಾಂಟ್ರಾಸ್ಟ್, ವಿದ್ಯುತ್ ಉಳಿತಾಯ ಎಲ್ಲವೂ ಆರಿರಬೇಕು. ಪರದೆಗೆ ಬೆಳಕು ಕೊಡುವ ದೀಪ ಯಾವ ಬಗೆಯದು ಎಂದು ತಂತ್ರಾಂಶ ಕೇಳುತ್ತದೆ: ಬಿಳಿ ಎಲ್‌ಇಡಿಯೇ, ಪಿಎಫ್‌ಎಸ್ ಫಾಸ್ಫರೇ, ಕ್ವಾಂಟಮ್ ಡಾಟೇ, ಓಎಲ್‌ಇಡಿಯೇ. ಈ ಪ್ರಶ್ನೆಗೆ ಊಹೆಯ ಉತ್ತರ ಕೊಡಬೇಡಿ, ಮಾನಿಟರಿನ ವಿವರಪಟ್ಟಿ ನೋಡಿ ಕೊಡಿ. ಕಲರಿಮೀಟರಿನ ಫಿಲ್ಟರುಗಳು ಕಣ್ಣಿನ ಸ್ಪಂದನವನ್ನು ಹತ್ತಿರದಿಂದ ಅನುಕರಿಸುತ್ತವೆಯೇ ಹೊರತು ಹಾಗೆಯೇ ಇರುವುದಿಲ್ಲ. ದೀಪದ ಬಗೆಗೆ ತಕ್ಕ ತಿದ್ದುಪಡಿ ಸೇರಿದಾಗಲೇ ಅಳತೆ ಸರಿಯಾಗುತ್ತದೆ. ತಪ್ಪು ಬಗೆ ಆರಿಸಿದರೆ ಅಂಕಿಗಳೆಲ್ಲ ಸರಿಯಿದ್ದೂ ಬಿಳಿ ಬಣ್ಣ ಗುಲಾಬಿಗೋ ಹಸಿರಿಗೋ ವಾಲುತ್ತದೆ.

ಇನ್ನೊಂದು ಸೂಕ್ಷ್ಮ. ಮಾನಿಟರಿನ ಮೆನುವಿನಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಹೊಂದಿಕೆಗಳಿರುತ್ತವೆ. ತಂತ್ರಾಂಶ ಅಳೆಯುತ್ತ ಮೂರು ಪಟ್ಟಿಗಳನ್ನು ತೋರಿಸುವಾಗ ಮೊದಲು ಅವುಗಳಿಂದಲೇ ಬಿಳುಪನ್ನು ಆದಷ್ಟು ಹತ್ತಿರ ತನ್ನಿ. ಹಾಗೆ ಮಾಡದೆ ಎಲ್ಲವನ್ನೂ ಕಂಪ್ಯೂಟರಿನ ಪಾಲಿಗೆ ಬಿಟ್ಟರೆ ಅದು ಗ್ರಾಫಿಕ್ಸ್ ಕಾರ್ಡಿನ ಬಣ್ಣ ತಿದ್ದುವ ಕೋಷ್ಟಕದಲ್ಲಿ ನೀಲಿಯನ್ನು ಕತ್ತರಿಸುತ್ತದೆ. ನೀಲಿಯ 256 ಮೆಟ್ಟಿಲುಗಳಲ್ಲಿ ಐದನೇ ಒಂದು ಭಾಗ ಹೋದರೆ ಉಳಿಯುವುದು ಇನ್ನೂರು ಚಿಲ್ಲರೆ. ಅದರ ಪರಿಣಾಮವನ್ನು ನೋಡಬೇಕೆಂದರೆ ಸಂಜೆಯ ಆಕಾಶದ ಫೋಟೋ ತೆರೆಯಿರಿ; ನಯವಾಗಿ ಇಳಿಯಬೇಕಾದ ನೀಲಿ ಪಟ್ಟೆಪಟ್ಟೆಯಾಗಿ ಒಡೆದಿರುತ್ತದೆ.

ಬೆಲೆ ಹತ್ತಾರು ಸಾವಿರಕ್ಕೆ ಹೋಗುತ್ತದೆ ಎಂದು ಹಿಂಜರಿಯುವವರು ಒಂದು ಯೋಚಿಸಲಿ. ಈ ಉಪಕರಣ ಬೇಕಾಗುವುದು ತಿಂಗಳಿಗೆ ಒಂದರ್ಧ ಗಂಟೆ. ಒಂದೇ ಊರಿನ ನಾಲ್ಕೈದು ಸ್ಟುಡಿಯೋದವರು ಸೇರಿ ಕೊಂಡು ಕೈ ಬದಲಿಸಿಕೊಂಡರೆ ಒಬ್ಬೊಬ್ಬರಿಗೆ ಬರುವ ಖರ್ಚು ಸಣ್ಣದು. ಮತ್ತೊಮ್ಮೆ ಮುದ್ರಿಸಬೇಕಾಗಿ ಬಂದ ಆಲ್ಬಂ ಒಂದರ ನಷ್ಟದ ಜೊತೆ ಇಟ್ಟು ನೋಡಿದರೆ ಮಾತೇ ಬೇಡ.

ಇಳಕಲ್ ಸೀರೆಯನ್ನೋ ಮೊಳಕಾಲ್ಮೂರಿನ ರೇಷ್ಮೆಯನ್ನೋ ಆನ್‌ಲೈನಿನಲ್ಲಿ ಮಾರುವವರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಕೊಳ್ಳುವವರ ಮೊಬೈಲುಗಳೇ ಒಂದೊಂದು ಬಣ್ಣ ತೋರಿಸುವಾಗ ನಮ್ಮ ಮಾನಿಟರ್ ಸರಿಯಿದ್ದು ಏನು ಪ್ರಯೋಜನ? ಒಬ್ಬರ ಮೊಬೈಲ್ ನೀಲಿಗೆ ವಾಲುತ್ತದೆ, ಇನ್ನೊಬ್ಬರದು ಹಳದಿಗೆ. ನಿಮ್ಮ ಫೋಟೋ ನಡುವಿನಲ್ಲಿದ್ದರೆ ಇಬ್ಬರಿಗೂ ಕಾಣುವ ತಪ್ಪು ಅವರವರ ಮೊಬೈಲಿನಷ್ಟೇ. ನಿಮ್ಮದೂ ನೀಲಿಗೆ ವಾಲಿದ್ದರೆ ಒಬ್ಬರ ಪಾಲಿಗೆ ತಪ್ಪು ಇಮ್ಮಡಿ. ಆ ಸೀರೆಯೇ ವಾಪಸು ಬರುವುದು.

ಲ್ಯಾಪ್‌ಟಾಪಿನವರಿಗೆ ಬೇರೆಯ ಮಾತು

ಅಗ್ಗದ ಲ್ಯಾಪ್‌ಟಾಪುಗಳ ವಿವರದಲ್ಲಿ '45 ಶೇಕಡ ಎನ್‌ಟಿಎಸ್‌ಸಿ' (ಹಳೆಯ ಟಿವಿ ಮಾನದಂಡದ ಬಣ್ಣವ್ಯಾಪ್ತಿಯ 45 ಶೇಕಡ) ಎಂದಿದ್ದರೆ ಆ ಪರದೆ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗವನ್ನೂ ತೋರಿಸಲಾರದು. ಯಾವ ಕ್ಯಾಲಿಬ್ರೇಷನ್ನೂ ಇಲ್ಲದ ಬಣ್ಣವನ್ನು ಹುಟ್ಟಿಸುವುದಿಲ್ಲ. ಅಂಥವರು ಕಲರಿಮೀಟರಿಗೆ ಮೊದಲು ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ ಐಪಿಎಸ್ ಮಾನಿಟರ್ ಕೊಳ್ಳಲಿ.

ಸ್ಪೆಕ್ಟ್ರೋ ಮತ್ತು ಹಾರ್ಡ್‌ವೇರ್ ಕ್ಯಾಲಿಬ್ರೇಷನ್

ಸ್ಪೆಕ್ಟ್ರೋಫೋಟೋಮೀಟರ್ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುತ್ತದೆ. ಹಾಗಾಗಿ ದೀಪದ ಬಗೆಯ ಗೊಡವೆ ಅದಕ್ಕಿಲ್ಲ, ಕಾಗದದ ಮೇಲಿನ ಶಾಯಿಯನ್ನೂ ಅಳೆಯಬಲ್ಲದು. ಎಕ್ಸ್‌ರೈಟ್‌ನ ಐ1ಪ್ರೋ ದರ್ಜೆಯದಾದರೆ ಲಕ್ಷ ದಾಟುತ್ತದೆ. ತಮ್ಮದೇ ಪ್ರಿಂಟರಿಗೆ ಕಾಗದ ಕಾಗದಕ್ಕೂ ಪ್ರೊಫೈಲ್ ಮಾಡಿಕೊಳ್ಳುವವರಿಗೆ, ಪ್ರೆಸ್ ನಡೆಸುವವರಿಗೆ ಇದು ಬೇಕು. ಪರದೆಗೆ ಮಾತ್ರವಾದರೆ ಇದು ಕಲರಿಮೀಟರಿಗಿಂತ ಮೇಲೆಂದು ತಿಳಿಯಬೇಡಿ. ಗಾಢ ಛಾಯೆಗಳಲ್ಲಿ, ಕಪ್ಪಿನ ಹತ್ತಿರ ಇದರ ಅಳತೆ ತಡವರಿಸುತ್ತದೆ.

ಏಜೋದ ಕಲರ್‌ಎಡ್ಜ್, ಬೆನ್‌ಕ್ಯೂನ ಎಸ್‌ಡಬ್ಲ್ಯೂ ಸಾಲಿನ ಮಾನಿಟರುಗಳದು ಬೇರೆಯೇ ದಾರಿ. ಇಲ್ಲಿ ತಿದ್ದುಪಡಿ ಕಂಪ್ಯೂಟರಿನಲ್ಲಿ ಉಳಿಯದೆ ಮಾನಿಟರಿನ ಒಳಗಿನ, ಹೆಚ್ಚು ಸೂಕ್ಷ್ಮವಾದ ಕೋಷ್ಟಕಕ್ಕೆ ಹೋಗುತ್ತದೆ. ಪಟ್ಟೆಗಳ ತೊಂದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ, ಡಿಸಿಐ-ಪಿ3 ಬಣ್ಣವ್ಯಾಪ್ತಿಗಳ ನಡುವೆ ಒಂದು ಗುಂಡಿ ಒತ್ತಿ ಹೋಗಿಬರಬಹುದು. ಏಜೋದ ಸಿಜಿ ಮಾದರಿಗಳಲ್ಲಿ ಅಳೆಯುವ ಸೆನ್ಸರ್ ಮಾನಿಟರಿನಲ್ಲೇ ಅಡಗಿದ್ದು, ನಿಗದಿ ಮಾಡಿದ ಹೊತ್ತಿಗೆ ತಾನೇ ಇಳಿದು ಅಳೆದು ಒಳಗೆ ಹೋಗುತ್ತದೆ.

ಇದು ನಿಜಕ್ಕೂ ಬೇಕಾದದ್ದು ಸಿನಿಮಾ ಮತ್ತು ಜಾಹೀರಾತಿನ ಕಲರಿಸ್ಟ್‌ಗಳಿಗೆ, ಅಂದರೆ ದೃಶ್ಯಗಳ ಬಣ್ಣ ತಿದ್ದುವವರಿಗೆ. ವೀಡಿಯೋ ತಂತ್ರಾಂಶಗಳು, ಪ್ಲೇಯರುಗಳು ಅಳೆದು ಬರೆದಿಟ್ಟ (ಐಸಿಸಿ) ಪ್ರೊಫೈಲನ್ನು ಫೋಟೋಶಾಪಿನಂತೆ ನಂಬಿಕೆಯಿಂದ ಪಾಲಿಸುವುದಿಲ್ಲ. ಮಾನಿಟರೇ ಎಚ್‌ಡಿ ಟಿವಿಯ ಮಾನದಂಡವಾದ ರೆಕ್ 709, ಗ್ಯಾಮಾ 2.4, ನೂರು ಕ್ಯಾಂಡೆಲಾಕ್ಕೆ ನಿಂತುಬಿಟ್ಟರೆ ಆ ಚಿಂತೆ ಇಲ್ಲ. ಆಲ್ಬಂ ಲ್ಯಾಬಿಗೆ ಎಸ್‌ಆರ್‌ಜಿಬಿ ಜೆಪೆಗ್ ಕಳುಹಿಸುವ ಸ್ಟುಡಿಯೋದವರು ಇದಕ್ಕೆ ಸಾಲ ಮಾಡುವುದು ನನಗೆ ಸರಿಕಾಣುವುದಿಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಐಪಿಎಸ್ ಮಾನಿಟರ್, ಕಲರಿಮೀಟರ್, ಜೊತೆಗೆ ಕೋಣೆಗೆ ಸರಿಯಾದ ದೀಪ ಮೂರೂ ಬರುತ್ತವೆ.

ದೀಪದ ಮಾತು ಬಂತೆಂದು ಹೇಳುತ್ತೇನೆ. ಕುಳಿತುಕೊಳ್ಳುವ ಜಾಗದ ಹಿಂದೆ ಹಸಿರು, ಹಳದಿ ಬಣ್ಣದ ಗೋಡೆಯಿದ್ದರೆ ಅದರ ಛಾಯೆ ಪರದೆಯ ಮೇಲೂ ನಿಮ್ಮ ಕಣ್ಣಿನ ಮೇಲೂ ಬೀಳುತ್ತದೆ. ಬೂದು ಅಥವಾ ಮಂದ ಬಿಳಿ ಬಳಿಸಿ. ಕಿಟಕಿಗೆ ಪರದೆ ಹಾಕಿ. ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ದೀಪ ಕೇಳಿ ತನ್ನಿ. ಮುದ್ರಿತ ಪ್ರತಿಯನ್ನು ನೋಡುವ ಜಾಗಕ್ಕೆ 5000 ಕೆಲ್ವಿನ್ ದೀಪ ಇರಲಿ. ಮುದ್ರಣ ಲೋಕ ಒಪ್ಪಿಕೊಂಡ ಡಿ50 ಬೆಳಕಿಗೆ ಅದು ಹತ್ತಿರ. ಡೆಸ್ಕ್‌ಟಾಪ್ ಹಿನ್ನೆಲೆಯನ್ನೂ ಬೂದು ಮಾಡಿ.

ಎರಡು ಮಾನಿಟರ್ ಇಟ್ಟುಕೊಂಡವರಿಗೆ ಒಂದು ತೊಡಕು ಎದುರಾಗುತ್ತದೆ. ಎರಡನ್ನೂ ಒಂದೇ ಕಲರಿಮೀಟರಿನಿಂದ ಡಿ65ಕ್ಕೆ ತಂದರೂ, ಒಂದರ ದೀಪ ಬಿಳಿ ಎಲ್‌ಇಡಿ, ಇನ್ನೊಂದು ಕ್ವಾಂಟಮ್ ಡಾಟ್ ಅಥವಾ ಓಎಲ್‌ಇಡಿ ಆಗಿದ್ದರೆ, ಬಿಳಿ ಬಣ್ಣಗಳು ಬೇರೆಬೇರೆಯಾಗಿಯೇ ಕಾಣಬಹುದು. ಅಂಕಿಯ ಲೆಕ್ಕದಲ್ಲಿ ಸಮನಾದ ಎರಡು ಬೆಳಕುಗಳು ನಿಜವಾದ ಕಣ್ಣಿಗೆ ಸಮನಾಗಬೇಕೆಂದಿಲ್ಲ, ಏಕೆಂದರೆ 1931ರ ನಕ್ಷೆ ಸರಾಸರಿ ಕಣ್ಣಿನದು. ಇಲ್ಲಿ ಮಾತ್ರ ಕಣ್ಣಿಗೆ ಅಧಿಕಾರ ಕೊಡಿ, ಅದು ಬಲ್ಲ ಕೆಲಸವೇ ಅಕ್ಕಪಕ್ಕದ ಹೋಲಿಕೆ. ಮುಖ್ಯ ಮಾನಿಟರನ್ನು ಅಳತೆಯ ಪ್ರಕಾರವೇ ಬಿಡಿ. ಎರಡನೆಯದರ ಕೆಂಪು, ಹಸಿರು, ನೀಲಿಯನ್ನು ಎರಡೂ ಪರದೆಗಳಲ್ಲಿ ತೆರೆದಿಟ್ಟ ಬಿಳಿ ಕಿಟಕಿಗಳು ಒಂದೇ ಎನಿಸುವವರೆಗೆ ಕೈಯಿಂದ ಸರಿಸಿ. ಕಲರಿಮೀಟರನ್ನು ಅದರ ಮೇಲಿಟ್ಟು ಆ ಬಿಳುಪಿನ ಎಕ್ಸ್, ವೈ ಅಂಕಿಗಳನ್ನು ಓದಿಕೊಳ್ಳಿ. ಡಿಸ್‌ಪ್ಲೇಕ್ಯಾಲ್‌ನಲ್ಲಿ ಅದನ್ನೇ ಎರಡನೆಯ ಮಾನಿಟರಿನ ಬಿಳುಪಿನ ಗುರಿಯಾಗಿ ನಮೂದಿಸಿ ಪ್ರೊಫೈಲ್ ಮಾಡಿ. ತಿಂಗಳ ನಂತರ ಮತ್ತೆ ಅಳೆಯುವಾಗ ಅವೇ ಅಂಕಿಗಳು ಬೇಕಾಗುತ್ತವೆ, ಬರೆದಿಟ್ಟುಕೊಳ್ಳಿ.